ಬಾತುಕೋಳಿಗೆ ಹಾಕಿದ ಅಕ್ಕಿ

ಸೆಮರಾಂಗ್ ಬಂದರು

ಜಾವಾಕ್ಕೆ ಹೋಗಿಬಂದವನು ಎಂದು ಗೊತ್ತಾದರೆ ಹೊನ್ನಾವರದ ಜನ ನನ್ನ ಹತ್ತಿರ ಎರಡು ಪ್ರಶ್ನೆ ಕೇಳುತ್ತಾರೆ. ಅಲ್ಲಿ ಬೆಂಕಿ ಉಗುಳುವ ಗುಡ್ಡ ಉಂಟಂತೆ, ನೋಡಿದೆಯಾ? ಕಲ್ಲಿನ ದೊಡ್ಡ ದೊಡ್ಡ ದೇವಸ್ಥಾನ ಉಂಟಂತೆ, ಕೈಮುಗಿದೆಯಾ? ಎರಡಕ್ಕೂ ನನ್ನ ಉತ್ತರ ಇಲ್ಲ ಎಂದೇ. ಹತ್ತೊಂಬತ್ತು ದಿನ ಜಾವಾದಲ್ಲಿದ್ದು ನಾನು ಸರಿಯಾಗಿ ನೋಡಿದ್ದು ಒಂದು ಅಡಿಗೆಮನೆ, ಅದರ ಹಿಂದಿನ ಬಾತುಕೋಳಿ ಗೂಡು, ಮತ್ತೆ ತೆಂಗಿನಕಾಯಿ ಹಾಲಿನ ಒಂದು ಸಿಹಿತಿಂಡಿ. ಇಷ್ಟನ್ನೇ ಇಟ್ಟುಕೊಂಡು ಒಂದು ಮದುವೆ ಮುರಿಯುವಷ್ಟು ಕೆಲಸ ಮಾಡಿ ಬಂದಿದ್ದೇನೆ. ಗುಡ್ಡವನ್ನೂ ನೋಡಲು ಹೋಗಿದ್ದರೆ ಇನ್ನೇನು ಆಗುತ್ತಿತ್ತೋ ಗೊತ್ತಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ ಅದು. ನಾನು ಒಂದು ಸರಕಿನ ಹಡಗಿನಲ್ಲಿ ಎರಡನೆಯ ಅಡಿಗೆಯವನಾಗಿದ್ದೆ. ಹೆಸರು ಗಣಪತಿ, ಮನೆ ಹೊನ್ನಾವರದ ಹೊಳೆಯಾಚೆಯ ಕಾಸರಕೋಡು. ಅಪ್ಪ, ಅಣ್ಣಂದಿರು ದೋಣಿ ಹತ್ತಿದರೆ ಮರುದಿನ ಮನೆಗೆ ಬರುತ್ತಿದ್ದರು. ನಾನು ಹಡಗು ಹತ್ತಿದರೆ ವರ್ಷ ಕಳೆದು ಬರುತ್ತಿದ್ದೆ. ನನ್ನನ್ನು ಈ ಕೆಲಸಕ್ಕೆ ಸೇರಿಸಿದವರು ಭಟ್ಕಳದ ಇಸ್ಮಾಯಿಲ್ ಭಾಯಿ. ನನಗಿಂತ ಹತ್ತು ವರ್ಷ ದೊಡ್ಡವರು, ಅದೇ ಹಡಗಿನ ಎಂಜಿನ್ ಕೋಣೆಯಲ್ಲಿದ್ದರು. ಮನೆಯಲ್ಲಿ ಅವರು ನವಾಯತಿ ಮಾತಾಡುತ್ತಿದ್ದರು, ನನ್ನ ಹತ್ತಿರ ಕನ್ನಡ, ಎಂಜಿನ್ ಹತ್ತಿರ ಉರ್ದು. ಎಂಜಿನ್ನಿಗೆ ಬೈಯಲು ಉರ್ದುವಿನಷ್ಟು ಒಳ್ಳೆಯ ಭಾಷೆ ಬೇರೆ ಇಲ್ಲ ಎನ್ನುತ್ತಿದ್ದರು.

ಆ ಸಲ ಉರ್ದು ಕೆಲಸ ಮಾಡಲಿಲ್ಲ. ಜಾವಾದ ಸೆಮರಾಂಗ್ ಬಂದರಿನ ಹತ್ತಿರ ಎಂಜಿನ್ ಸುಮ್ಮನಾಯಿತು. ಬಿಡಿಭಾಗ ಬರಲು ಮೂರು ವಾರ ಬೇಕೆಂದರು. ನಮ್ಮನ್ನೆಲ್ಲ ದಡಕ್ಕಿಳಿಸಿ, ತಲೆಗಿಷ್ಟು ಅಕ್ಕಿ, ಬೇಳೆ, ಸಕ್ಕರೆ ಕೊಟ್ಟು, ಊರಿನವರ ಮನೆಗಳಲ್ಲಿ ಇಬ್ಬಿಬ್ಬರಂತೆ ಉಳಿಯಲು ಕಳಿಸಿದರು. ನನ್ನ ಪಾಲಿಗೆ ಬಂದ ಅಕ್ಕಿ ಕ್ಯಾಪ್ಟನ್ ಊಟದ ಸಣ್ಣಕ್ಕಿ. ಅಡಿಗೆಯವನಾದ ಮೇಲೆ ಅಷ್ಟೂ ಮಾಡಿಕೊಳ್ಳದಿದ್ದರೆ ಹೇಗೆ?

ಆ ಅಕ್ಕಿಯೇ ಮುಂದಿನ ಎಲ್ಲ ಅನರ್ಥಕ್ಕೂ ಮೂಲ.

ಕಾರ್ತೊ ಅವರ ಮನೆ

ನನಗೂ ಇಸ್ಮಾಯಿಲ್ ಭಾಯಿಗೂ ಸಿಕ್ಕಿದ್ದು ಬಂದರಿನ ಕಾವಲುಗಾರ ಕಾರ್ತೊ ಎಂಬವರ ಮನೆ. ಆ ಕಡೆ ದೊಡ್ಡ ಗಂಡಸರನ್ನು 'ಪಾಕ್' ಎಂದೂ ಹೆಂಗಸರನ್ನು 'ಬು' ಎಂದೂ ಕರೆಯುತ್ತಾರೆ, ನಾವು ಮಾವ, ಅಕ್ಕ ಎಂದ ಹಾಗೆ. ಹೆಂಡತಿಗೆ ಗಂಡನ ಹೆಸರೇ ಸಾಕು. ಹೀಗೆ ಪಾಕ್ ಕಾರ್ತೊ, ಬು ಕಾರ್ತೊ, ಮತ್ತೆ ಅವರ ಒಬ್ಬನೇ ಮಗ ಸುಗೆಂಗ್. ಸುಗೆಂಗ್‌ಗೆ ಇಪ್ಪತ್ತಾರೋ ಇಪ್ಪತ್ತೇಳೋ, ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ. ಹಡಗಿನಲ್ಲಿ ಕಲಿತ ಹರಕುಮುರುಕು ಮಲಯ ಭಾಷೆಯಲ್ಲಿ ನಮ್ಮ ಮಾತು ನಡೆಯುತ್ತಿತ್ತು.

ಮನೆಯ ಸುತ್ತ ತೆಂಗು, ಅಂಗಳದಲ್ಲಿ ಒಣಮೀನು, ಬಾವಿಕಟ್ಟೆಯ ಮೇಲೆ ನೀರಿನ ಕೊಡ. ಮೊದಲ ಬೆಳಿಗ್ಗೆ ಎದ್ದವನು ಕಾಸರಕೋಡಿನಲ್ಲೇ ಇದ್ದೇನೆಂದು ತಿಳಿದು ಚಾ ಆಯಿತಾ ಎಂದು ಕನ್ನಡದಲ್ಲೇ ಕೇಳಿಬಿಟ್ಟೆ. ಬು ಕಾರ್ತೊ ನಕ್ಕು ಒಂದು ಲೋಟ ಬಿಸಿನೀರು ತಂದುಕೊಟ್ಟರು. ಬೇಡ ಎನ್ನಲು ನಾಚಿಕೆಯಾಗಿ ಕುಡಿದೆ. ಮುಂದೆ ಹತ್ತೊಂಬತ್ತು ದಿನವೂ ಬೆಳಿಗ್ಗೆ ನನಗೆ ಬಿಸಿನೀರು ತಪ್ಪಲಿಲ್ಲ.

ಆದರೆ ಎರಡು ವಿಷಯದಲ್ಲಿ ನನಗೆ ಸಮಾಧಾನವಿರಲಿಲ್ಲ. ಒಂದು, ಅವರು ಕಾಯಿ ತುರಿಯುವ ರೀತಿ. ನಾವು ಹೆರೆಮಣೆಯ ಮೇಲೆ ಕೂತು ಕರಟ ಹಿಡಿದು ತಿರುಗಿಸುತ್ತೇವೆ. ಅವರು ಕಾಯನ್ನು ಕರಟದಿಂದ ಬಿಡಿಸಿ, ತುಂಡು ಮಾಡಿ, ಮುಳ್ಳುಮುಳ್ಳಾದ ಹಲಗೆಯ ಮೇಲೆ ಉಜ್ಜುತ್ತಾರೆ. ಹೆರೆಮಣೆಯ ಮಹಿಮೆಯನ್ನು ನಾನು ಕೈಸನ್ನೆಯಲ್ಲಿ ವಿವರಿಸಿದೆ. ಬು ಕಾರ್ತೊ ಬಹಳ ಆಸಕ್ತಿಯಿಂದ ನೋಡಿ, ಕುದುರೆ ಸವಾರಿಯಾ ಎಂದು ಕೇಳಿದರು.

ಇನ್ನೊಂದು ಮಿಠಾಯಿ ವಿಷಯ. ನನ್ನ ಆಯಿ, ಎಂದರೆ ಅಮ್ಮ, ಸಾಮಾನ್ಯದವಳಲ್ಲ. ಮದುವೆ ಮನೆಯ ಕೊಬ್ಬರಿ ಮಿಠಾಯಿಗೆ ಕುಮಟೆಯಿಂದಲೂ ಅವಳಿಗೆ ಕರೆ ಬರುತ್ತಿತ್ತು. ಅಡಿಗೆಯಲ್ಲಿ ಅವಳದು ಎರಡೇ ಕಾನೂನು: ಅನ್ನ ಉದುರಬೇಕು, ಮಿಠಾಯಿ ಕೈಗೆ ಅಂಟಬಾರದು. ಅನ್ನ ಮುದ್ದೆಯಾದರೆ ನಮ್ಮಲ್ಲಿ ಹೊಸ ಸೊಸೆಯ ಹೆಸರು ಓಣಿಯ ತುದಿಯವರೆಗೆ ಹೋಗುತ್ತದೆ. ಇಲ್ಲಿ ನೋಡಿದರೆ ಎಲ್ಲ ತಿಂಡಿಯೂ ಅಂಟು. ಕೈಗೆ ಅಂಟು, ಹಲ್ಲಿಗೆ ಅಂಟು, ಸುತ್ತಿದ ಬಾಳೆಲೆಗೂ ಅಂಟು. ಬಡವರು, ಒಳ್ಳೆಯ ಅಕ್ಕಿ ಸಿಕ್ಕುವುದಿಲ್ಲವೋ ಏನೋ ಎಂದು ನನಗೆ ಒಳಗೊಳಗೇ ಕನಿಕರ ಹುಟ್ಟಿತು. ಕನಿಕರದ ಜೊತೆಗೆ ಸ್ವಲ್ಪ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಎಲೆ ಖಾಲಿ ಮಾಡಿದ ದಿನ

ಒಂದು ವಾರ ಕಳೆದಿರಬೇಕು. ಪಕ್ಕದ ಮನೆಯಲ್ಲಿ ಮಗುವಿಗೆ ಹೆಸರಿಡುವ ಪ್ರಾರ್ಥನೆಗೆ ಓಣಿಯ ಗಂಡಸರನ್ನೆಲ್ಲ ಕರೆದರು. ನನ್ನನ್ನೂ ಬಿಡಲಿಲ್ಲ. ಮಧ್ಯಾಹ್ನ ಚಾಪೆ ಹಾಸಿ ಇಪ್ಪತ್ತು ಜನ ಸುತ್ತ ಕೂತರು. ಪ್ರಾರ್ಥನೆ ಮುಗಿಯಿತು. ಎಲ್ಲರ ಮುಂದೂ ಬಿದಿರಿನ ಸಣ್ಣ ಬುಟ್ಟಿಯಲ್ಲಿ ಬಾಳೆಲೆ ಹಾಸಿ ಅನ್ನ, ಕೋಳಿ, ಮೊಟ್ಟೆ, ಪಲ್ಯ, ಎರಡು ಬಗೆಯ ಅಂಟು ತಿಂಡಿ ಇಟ್ಟರು. ಜನ ಎರಡು ತುತ್ತು ತಿಂದು ಕೈ ನಿಲ್ಲಿಸಿದರು.

ನಾನು ನಿಲ್ಲಿಸಲಿಲ್ಲ. ನಮ್ಮ ಅಪ್ಪನ ಲೆಕ್ಕದಲ್ಲಿ ಊಟದ ಎಲೆಯಲ್ಲಿ ಒಂದು ಅಗುಳು ಬಿಟ್ಟವನ ಬಲೆಗೆ ಒಂದು ತಿಂಗಳು ಮೀನು ಬೀಳುವುದಿಲ್ಲ. ಚಿಕ್ಕಂದಿನಲ್ಲಿ ಎಲೆಯ ಅಂಚಿಗೆ ಹತ್ತಿದ ಅಗುಳನ್ನೂ ಬೆರಳ ತುದಿಗೆ ಒತ್ತಿ ತೆಗೆದು ತಿನ್ನಿಸುತ್ತಿದ್ದ. ಅದರಲ್ಲೂ ಪರರ ಮನೆಯಲ್ಲಿ ಬಿಟ್ಟರೆ ಅವರ ಅಡಿಗೆಗೆ ಅವಮಾನ. ಬುಟ್ಟಿಯ ಊಟ ಇಬ್ಬರಿಗಾಗುವಷ್ಟಿತ್ತು. ನಿಧಾನವಾಗಿ, ಬಿಡದೆ ತಿಂದೆ. ಉಳಿದವರು ಕಾಲು ಮಡಚಿ ಕೂತು ನಗುಮುಖದಿಂದ ನನ್ನನ್ನೇ ನೋಡುತ್ತಿದ್ದರು. ನನ್ನ ಊಟದ ಶಿಸ್ತು ಅವರಿಗೆ ಮೆಚ್ಚುಗೆಯಾಗಿದೆ ಎಂದುಕೊಂಡು ಕೋಳಿಯ ಎಲುಬನ್ನೂ ಇನ್ನಷ್ಟು ಶಿಸ್ತಿನಿಂದ ಜಗಿದೆ. ಮುಗಿಯುವಾಗ ಮುಕ್ಕಾಲು ಗಂಟೆಯಾಗಿತ್ತು.

ನಾನು ಕೈ ತೊಳೆದ ಕೂಡಲೇ ಎಲ್ಲರೂ ಧಡಕ್ಕನೆ ಎದ್ದು, ತಮ್ಮ ಬುಟ್ಟಿ ಎತ್ತಿಕೊಂಡು ಹೆಚ್ಚುಕಡಿಮೆ ಓಡಿದರು.

ಇಸ್ಮಾಯಿಲ್ ಭಾಯಿ ದಾರಿಯಲ್ಲಿ ಬಾಯಿಬಿಟ್ಟರು. "ಎಂತ ಮಾಡಿದ್ಯೋ ಮಾರಾಯ? ಅದು ಅಲ್ಲೇ ತಿಂಬೂದಲ್ಲ, ಮನಿಗೆ ತಕಂಡು ಹೋಗೂದು. ಬರ್ಕತ್ ಅಂತಾರೆ, ನಿಮ್ಮ ಪ್ರಸಾದ ಇದ್ದ ಹಾಂಗೆ, ನಮ್ಮ ಭಟ್ಕಳದಾಗೂ ಅದೇ ಮಾತು. ಮನೇಲಿ ಹೆಂಡ್ತಿ ಮಕ್ಕಳು ಕಾಯ್ತಾ ಇರ್ತಾರೆ."

ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಪರದೇಶದ ಅತಿಥಿ ಏಳುವ ಮುಂಚೆ ಏಳಬಾರದೆಂದು ಉಳಿದವರು ಕೂತಿದ್ದರಂತೆ. ನಾನು ಎಲ್ಲಿಯವರೆಗೆ ತಿನ್ನುತ್ತೇನೆ ನೋಡುವ ಎಂದು ಇವರು ಕೂತಿದ್ದರಂತೆ. ಅವತ್ತಿನಿಂದ ಓಣಿಯಲ್ಲಿ ನಾನು ಹೋಗುವಾಗ ಹೆಂಗಸರು ಬಾಗಿಲಿಗೆ ಬಂದು ನೋಡುತ್ತಿದ್ದರು.

ವಾಜಿಕ್ ಮಾಡಿದ ದಿನ

ಹದಿನೈದನೆಯ ದಿನ ಮನೆಯಲ್ಲಿ ಗಡಿಬಿಡಿ. ಮರುದಿನ ಸುಗೆಂಗ್‌ಗೆ ಹೆಣ್ಣು ಕೇಳಲು ದೆಮಾಕ್ ಕಡೆಯ ಒಂದು ಹಳ್ಳಿಗೆ ಹೋಗುವುದಿತ್ತು. ಹೋಗುವಾಗ ವಾಜಿಕ್ ಎಂಬ ಸಿಹಿ ಒಯ್ಯಲೇಬೇಕು. ದಪ್ಪ ಕಾಯಿಹಾಲಿಗೆ ತೆಂಗಿನ ನೀರಾದಿಂದ ಮಾಡಿದ ಬೆಲ್ಲ ಹಾಕಿ, ಕೇದಗೆಯ ತಂಗಿಯಂಥ ಒಂದು ಪರಿಮಳದ ಎಲೆ ಗಂಟು ಕಟ್ಟಿ ಬಿಟ್ಟು, ಅದು ಗಟ್ಟಿಯಾಗುತ್ತ ಬಂದಾಗ ಹಬೆಯಲ್ಲಿ ಬೆಂದ ಅನ್ನ ಸುರಿದು ಕೈ ಬಿಡದೆ ತಿರುವುತ್ತಾರೆ. ಬಾಳೆಲೆ ಹಾಸಿದ ತಟ್ಟೆಗೆ ಹಾಕಿ ತಟ್ಟಿ, ಆರಿದ ಮೇಲೆ ಶಂಕರಪೋಳಿಯ ಹಾಗೆ ಓರೆಯಾಗಿ ಕತ್ತರಿಸುತ್ತಾರೆ. ಪರಿಮಳಕ್ಕೆ ನಾನೇ ಅಡಿಗೆಮನೆಗೆ ಹೋಗಿ ನಿಂತೆ.

ಕೈ ಕಟ್ಟಿ ನಿಲ್ಲುವುದು ನನ್ನ ಜಾತಕದಲ್ಲಿಲ್ಲ. ಕಾಯಿ ತುರಿದುಕೊಡುತ್ತೇನೆಂದು ಮುಳ್ಳುಹಲಗೆ ಹಿಡಿದೆ. ಮೂರನೆಯ ತುಂಡಿಗೆ ಕಾಯಿಯ ಜೊತೆ ನನ್ನ ಬೆರಳ ಗಂಟಿನ ಚರ್ಮವೂ ತುರಿಯಿತು. ಬು ಕಾರ್ತೊ ಬೆರಳಿಗೆ ಅರಿಸಿನ ಮೆತ್ತಿ ಬಟ್ಟೆ ಕಟ್ಟಿದರು. ಆದರೂ ನಾನು ಏಳಲಿಲ್ಲ. ಅತಿಥಿಯನ್ನು ಓಡಿಸುವುದು ಹೇಗೆಂದು ತಿಳಿಯದೆ, ಹಿತ್ತಿಲಲ್ಲಿ ನೆನೆಹಾಕಿದ ಅಕ್ಕಿಯಿದೆ, ಬಸಿದು ಹಬೆಗೆ ಇಡು ಎಂದರು. ಅಡಿಗೆಯವನಿಗೆ ಅಷ್ಟಾದರೂ ಬರುತ್ತದೆ ಎಂದು ನಂಬಿದ್ದರು, ಪಾಪ.

ಹಿತ್ತಿಲಿಗೆ ಹೋಗಿ ನೋಡಿದರೆ ಅಕ್ಕಿ ಸುಣ್ಣದ ಹರಳಿನ ಹಾಗೆ ಬೆಳ್ಳಗಿದೆ, ಹೊಳಪೇ ಇಲ್ಲ. ಹೊನ್ನಾವರದ ರೇಶನ್ ಅಂಗಡಿಯಲ್ಲಿ ಇಂಥ ಅಕ್ಕಿ ಬಂದ ದಿನ ಆಯಿ ಅಂಗಡಿಯವನ ಮುಖಕ್ಕೇ ಹಿಡಿದು ತೋರಿಸುತ್ತಿದ್ದಳು. ಒಬ್ಬನೇ ಮಗ, ಹೆಣ್ಣು ಕೇಳಲು ಹೋಗುವುದು, ಅದಕ್ಕೂ ಇಂಥ ಅಕ್ಕಿ. ನನ್ನ ಪೆಟ್ಟಿಗೆಯಲ್ಲಿ ಕ್ಯಾಪ್ಟನ್ನಿನ ಸಣ್ಣಕ್ಕಿ ಸುಮ್ಮನೆ ಕೂತಿದೆ. ಹೇಳಿದರೆ ಸಂಕೋಚದಿಂದ ಬೇಡ ಎಂದಾರು. ಹೇಳದೆ ಮಾಡಿದರೆ ಪುಣ್ಯ. ನೆನೆಸಿದ್ದನ್ನಷ್ಟೂ ಬಾತುಕೋಳಿಗಳಿಗೆ ಸುರಿದೆ. ಅವು ನನ್ನನ್ನು ಕೊಂಡಾಡುತ್ತ ತಿಂದವು. ಸಣ್ಣಕ್ಕಿ ತೊಳೆದು ಹಬೆಯಲ್ಲಿಟ್ಟೆ. ಒಂದೊಂದು ಅಗುಳೂ ಬೇರೆ ಬೇರೆ, ಮಲ್ಲಿಗೆ ಮೊಗ್ಗಿನ ಹಾಗೆ ಬೆಂದಿತು. ಆಯಿ ನೋಡಿದ್ದರೆ ಬೆನ್ನು ತಟ್ಟುತ್ತಿದ್ದಳು.

ಆ ಅನ್ನವನ್ನು ತಂದು ಮುಂದಿಟ್ಟಾಗ ಬು ಕಾರ್ತೊ ಅವರ ಸೌಟು ನಿಂತಿತು. ಅನ್ನ ನೋಡಿದರು. ಹಿತ್ತಿಲ ಕಡೆ ನೋಡಿದರು; ಬಾತುಕೋಳಿಗಳು ಇನ್ನೂ ಗದ್ದಲ ಮಾಡುತ್ತಿದ್ದವು. ನನ್ನ ಬಟ್ಟೆ ಕಟ್ಟಿದ ಬೆರಳು ನೋಡಿದರು. ಆಮೇಲೆ ನಕ್ಕು, "ಬಾಗುಸ್" ಎಂದರು. ಚೆನ್ನಾಗಿದೆ ಎಂದರ್ಥ. ನಾನು ಉಬ್ಬಿಹೋದೆ.

ಅವತ್ತು ಅವರು ಬಹಳ ಹೊತ್ತು ತಿರುವಿದರು. ಇನ್ನಷ್ಟು ಬೆಲ್ಲ ಹಾಕಿದರು, ಇನ್ನಷ್ಟು ತಿರುವಿದರು. ತಟ್ಟೆಗೆ ಹಾಕಿ ಬಾಳೆಲೆ ಮುಚ್ಚಿ ಮೇಲೆ ಅರೆಯುವ ಕಲ್ಲು ಹೇರಿದರು. ಕಲ್ಲಿನ ಮೇಲೆ ಇನ್ನೊಂದು ಕಲ್ಲು. ಅವರಲ್ಲಿ ಹಾಗೆ ಪದ್ಧತಿ ಇರಬೇಕೆಂದು ನಾನೂ ಹೊರಗಿನಿಂದ ಒಂದು ಕಲ್ಲು ಹೊತ್ತು ತಂದುಕೊಟ್ಟೆ.

ದೆಮಾಕ್ ದಾರಿ

ಬೆಳಿಗ್ಗೆ ಬಾಡಿಗೆಯ ಹಳೆಯ ವ್ಯಾನಿನಲ್ಲಿ ಹೊರಟೆವು. ಪಾಕ್ ಕಾರ್ತೊ, ಬು ಕಾರ್ತೊ, ನಾಲ್ಕು ನೆಂಟರು, ಸುಗೆಂಗ್, ನಾವಿಬ್ಬರು. ವಾಜಿಕ್ ತಟ್ಟೆ ಹಿಡಿದುಕೊಳ್ಳುವ ಗೌರವ ನನಗೇ ಬೇಕೆಂದು ಕೇಳಿ ತೊಡೆಯ ಮೇಲಿಟ್ಟುಕೊಂಡಿದ್ದೆ. ಪಕ್ಕದಲ್ಲಿ ಸುಗೆಂಗ್. ಹೊಸ ಅಂಗಿ, ತಲೆಗೆ ಎಣ್ಣೆ, ಮುಖದಲ್ಲಿ ಮಾತ್ರ ಹರಕೆಯ ಕುರಿಯ ಕಳೆ.

ಹೆದರಿಕೆಯಾ ಎಂದು ಕೇಳಿದೆ. ಅವನು ಮೆಲ್ಲಗೆ ಎಲ್ಲ ಹೇಳಿದ. ಎರಡು ವರ್ಷದ ಹಿಂದೆ ಅವನಿಗೊಂದು ಹೆಣ್ಣು ಗೊತ್ತಾಗಿ, ತಿಂಗಳೊಳಗೆ ಮುರಿದುಹೋಗಿತ್ತು. ಈಗ ಕೇಳಲು ಹೋಗುತ್ತಿದ್ದ ಯಾತ್ಮಿ ಎಂಬ ಹುಡುಗಿಗೂ ಇವನಿಗೂ ಮನಸ್ಸಿತ್ತು. ಅವಳ ತಂದೆತಾಯಿಗೆ ಅಡ್ಡಿಯಿರಲಿಲ್ಲ. ಅಜ್ಜಿ ಮಾತ್ರ ಒಪ್ಪಿರಲಿಲ್ಲ. ಒಮ್ಮೆ ಬಿಟ್ಟುಹೋದದ್ದು ಇನ್ನೊಮ್ಮೆ ಬಿಟ್ಟುಹೋಗುತ್ತದೆ ಎಂದು ಅವರ ಹಟ. ಕೊನೆಗೆ, ಬರಲಿ, ಅವರು ತರುವ ವಾಜಿಕ್ಕನ್ನು ನನ್ನ ಕೈಯಲ್ಲೇ ಮುರಿದು ನೋಡುತ್ತೇನೆ ಎಂದಿದ್ದರಂತೆ.

ವಾಜಿಕ್ ಮುರಿದರೆ ಏನು ಗೊತ್ತಾಗುತ್ತದೆ ಎಂದು ಕೇಳಿದೆ.

ಸುಗೆಂಗ್ ನನ್ನನ್ನು ವಿಚಿತ್ರವಾಗಿ ನೋಡಿದ. "ಅದು ಅಂಟಬೇಕು. ಅದಕ್ಕೇ ಅಲ್ಲವೇ ಒಯ್ಯುವುದು? ಎರಡು ಮನೆ ಅಂಟಿಕೊಂಡಿರಲಿ ಎಂದು. ಅದಕ್ಕೆಂದೇ ಬೇರೆ ಅಕ್ಕಿ ಬೆಳೆಯುತ್ತಾರೆ, ಅಂಟಿನ ಅಕ್ಕಿ. ಊಟದ ಅಕ್ಕಿಗಿಂತ ತುಟ್ಟಿ. ಈ ಸಲ ನನ್ನ ಚಿಕ್ಕಮ್ಮ ತನ್ನ ಗದ್ದೆಯದ್ದನ್ನೇ ಆರಿಸಿ ಕಳಿಸಿದ್ದಾಳೆ."

ನನ್ನ ತೊಡೆಯ ಮೇಲಿನ ತಟ್ಟೆ ಒಮ್ಮೆಲೇ ಭಾರವಾಯಿತು. ಆ ಅಕ್ಕಿ ಎಲ್ಲಿದೆಯೆಂದು ಲೋಕದಲ್ಲಿ ನನಗೂ ಎಂಟು ಬಾತುಕೋಳಿಗಳಿಗೂ ಮಾತ್ರ ಗೊತ್ತು. ಮೆಲ್ಲಗೆ ಬಾಳೆಲೆ ಎತ್ತಿ ನೋಡಿದೆ. ಅಂಚಿನ ತುಂಡೊಂದರಿಂದ ನಾಲ್ಕು ಅಗುಳು ಜಾರಿ ನನ್ನ ಲುಂಗಿಯ ಮೇಲೆ ಬಿದ್ದವು. ಅಂಥ ಅನ್ನ ನನ್ನ ಜನ್ಮದಲ್ಲೇ ಮಾಡಿರಲಿಲ್ಲ.

ಅಲ್ಲಿಂದ ಮುಂದೆ ರಸ್ತೆಯ ಪ್ರತಿ ಹೊಂಡಕ್ಕೂ ನನ್ನ ಜೀವ ಬಾಯಿಗೆ ಬಂತು. ತಟ್ಟೆಯನ್ನು ತೊಡೆಯಿಂದ ಎತ್ತಿ ಎರಡೂ ಕೈಯಲ್ಲಿ ಗಾಳಿಯಲ್ಲಿ ಹಿಡಿದೆ. ಕುಮಟೆಯಿಂದ ಸಂತೆಗುಳಿಗೆ ಹೋಗುವ ಬಸ್ಸಿನಲ್ಲಿ ಮೊಟ್ಟೆಬುಟ್ಟಿ ಹಿಡಿದವರೂ ಅಷ್ಟು ಜಾಗ್ರತೆ ಮಾಡಿರಲಿಕ್ಕಿಲ್ಲ. ಡ್ರೈವರಿಗೆ ನಿಧಾನ ಹೋಗು ಎಂದು ಕನ್ನಡದಲ್ಲಿ ಕೂಗಿದೆ. ಅವನು ವೇಗ ಹೆಚ್ಚಿಸಿದ. ಕೊನೆಗೆ ಇಸ್ಮಾಯಿಲ್ ಭಾಯಿಯ ಕಿವಿಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ.

ಅವರು ಬಾಳೆಲೆ ಎತ್ತಿ ತಟ್ಟೆಯೊಳಗೆ ಇಣುಕಿ ಮತ್ತೆ ಮುಚ್ಚಿದರು. "ಬು ಕಾರ್ತೊಗೆ ನಿನ್ನೇನೇ ಗೊತ್ತಾಗಿತ್ತು, ಗಣಪತಿ. ಇಲ್ಲದಿದ್ರೆ ಮೂರು ಕಲ್ಲು ಯಾಕೆ ಹೇರಿರು?"

ಆಗ ನನಗೆ ನಿಜವಾಗಿ ಅಳು ಬಂತು. ಮುಂದಿನ ಸೀಟಿನಲ್ಲಿ ಕೂತ ಆ ತಾಯಿ ಹಿಂದೆ ತಿರುಗಿ, ಕೈ ನೋಯುತ್ತದೆಯಾ, ತಟ್ಟೆ ಇತ್ತ ಕೊಡು ಎಂದು ಕೇಳಿದರು. ಸಿಟ್ಟಿನ ಒಂದು ಗೆರೆಯೂ ಮುಖದಲ್ಲಿರಲಿಲ್ಲ.

ಯಾತ್ಮಿಯ ಮನೆ

ದೊಡ್ಡ ಚಾವಡಿ, ಚಾಪೆಯ ಮೇಲೆ ಎದುರುಬದುರಾಗಿ ಎರಡು ಕಡೆಯ ನೆಂಟರು. ಹುಡುಗಿ ಒಳಗಿನ ಬಾಗಿಲ ಹತ್ತಿರ. ಮಧ್ಯದಲ್ಲಿ ಅಜ್ಜಿ. ಗೇಣುದ್ದದ ದೇಹ, ವೀಳ್ಯದ ಕೆಂಪು ಬಾಯಿ, ಮುಂದೆ ಒಂದೇ ಹಲ್ಲು. ಇಡಗುಂಜಿ ಗಣಪತಿಯ ಮುಂದೆ ನಿಂತಾಗಲೂ ಅಷ್ಟು ಭಕ್ತಿಯಿಂದ ಬೇಡಿಕೊಂಡಿರಲಿಲ್ಲ, ಈಗ ಕೂತಲ್ಲೇ ಬೇಡಿಕೊಂಡೆ. ಪಂಚಕಜ್ಜಾಯವನ್ನೂ ಹೇಳಿಕೊಂಡೆ. ಅದು ಕೂಡ ಉದುರುವ ಪದಾರ್ಥ ಎಂದು ಆಮೇಲೆ ಹೊಳೆಯಿತು.

ಕುಶಲೋಪರಿ ಮುಗಿದು, ತಟ್ಟೆ ಅಜ್ಜಿಯ ಮುಂದೆ ಹೋಯಿತು. ಎಲೆ ಸರಿಸಿ ಒಂದು ತುಂಡನ್ನು ಎತ್ತಿದರು. ತುಂಡು ಕೈಗೆ ಬರುವ ಮೊದಲೇ ಎರಡಾಯಿತು. ಇನ್ನೊಂದನ್ನು ಎತ್ತಿದರು. ಅದು ಅನ್ನವಾಗಿ ಬೆರಳ ಸಂದಿಯಿಂದ ಇಳಿದು ಚಾಪೆಯ ಮೇಲೆ ಬಿತ್ತು.

ಎಲ್ಲರೂ ಸಣ್ಣಗೆ ನಗುತ್ತಿದ್ದರು. ಆ ಜನ ಬಹಳ ಸಂಕಟವಾದಾಗಲೂ ನಗುತ್ತಾರೆ ಎಂದು ಅಷ್ಟರಲ್ಲಿ ನನಗೆ ತಿಳಿದಿತ್ತು. ಸುಗೆಂಗ್ ಮಾತ್ರ ನಗಲಿಲ್ಲ, ತನ್ನ ಹೊಸ ಅಂಗಿಯ ಗುಂಡಿ ನೋಡುತ್ತಿದ್ದ. ಬಾಗಿಲ ಹತ್ತಿರ ಈಗ ಹುಡುಗಿ ಇರಲಿಲ್ಲ. ಬು ಕಾರ್ತೊ ತಲೆ ತಗ್ಗಿಸಿ ಶಾಂತವಾಗಿ ಹೇಳಿದರು: "ತಪ್ಪು ನನ್ನದು. ನನ್ನ ಕೈ ಈಗ ಮೊದಲಿನ ಹಾಗಿಲ್ಲ."

ಅಷ್ಟು ಕೇಳಿದ ಮೇಲೆ ಕೂತಿರುವುದು ನನ್ನಿಂದಾಗಲಿಲ್ಲ. ಎದ್ದು ನಿಂತೆ. ನನ್ನ ಮಲಯ ಭಾಷೆ ಅರ್ಧ ದಾರಿಯಲ್ಲೇ ಮುಗಿಯಿತು. ಉಳಿದದ್ದನ್ನು ಕೈಕಾಲಿನಲ್ಲಿ ಹೇಳಿದೆ. ಅಕ್ಕಿ ತೋರಿಸಿದೆ, ಸುರಿದದ್ದು ತೋರಿಸಿದೆ, ಬಾತುಕೋಳಿಗೆ ಮಾತು ಸಿಕ್ಕದೆ ಮೊಣಕೈ ಮಡಚಿ ಬಾತುಕೋಳಿಯೇ ಆಗಿ ಚಾವಡಿಯ ನಡುವೆ ನಾಲ್ಕು ಹೆಜ್ಜೆ ನಡೆದೆ. ಹುಡುಗಿಯ ಚಿಕ್ಕಪ್ಪಂದಿರು ಬಾಯಿಗೆ ಕೈ ಅಡ್ಡ ಹಿಡಿದರು. ಒಳಗಿನಿಂದ ಕಿಸಕ್ಕೆಂದ ಸದ್ದು ಬಂತು. ಅಜ್ಜಿ ನಗಲಿಲ್ಲ.

"ಯಾಕೆ ಸುರಿದೆ?" ಎಂದು ಕೇಳಿದರು.

ಸುಳ್ಳು ಹೇಳಲು ಬೇಕಾದಷ್ಟು ಭಾಷೆ ನನ್ನ ಹತ್ತಿರ ಇರಲಿಲ್ಲ. ಕೆಟ್ಟ ಅಕ್ಕಿ ಎಂದುಕೊಂಡೆ, ಇವರಿಗೆ ಒಳ್ಳೆಯದು ಸಿಕ್ಕುವುದಿಲ್ಲ ಎಂದುಕೊಂಡೆ, ನನ್ನದನ್ನು ಕೊಟ್ಟೆ ಎಂದೆ. ಹೇಳುವಾಗಲೇ ನನ್ನ ಮುಖ ಸುಟ್ಟಿತು. ಹದಿನಾರು ದಿನ ನನಗೆ ಅನ್ನ ಹಾಕಿದ ಮನೆಯನ್ನು ಅವರ ನೆಂಟರ ಮುಂದೆ ಬಡಮನೆ ಮಾಡಿದ್ದೆ.

ಅಜ್ಜಿ ತಟ್ಟೆಯನ್ನು ನನ್ನ ಕಡೆ ತಳ್ಳಿದರು. "ಹಾಗಾದರೆ ನೀನೇ ತಿನ್ನು."

ಎರಡು ಸೇರಿನಷ್ಟಿತ್ತು. ಶಿಕ್ಷೆಯೋ ಉಪಚಾರವೋ ತಿಳಿಯಲಿಲ್ಲ. ಕೂತೆ. ತಿಂದೆ. ಬೆಲ್ಲ, ಕಾಯಿಹಾಲು, ಆ ಎಲೆಯ ಪರಿಮಳ. ರುಚಿಗೇನೂ ಕಮ್ಮಿಯಿರಲಿಲ್ಲ, ಹೊಟ್ಟೆಗೆ ಜಾಗ ಕಮ್ಮಿ. ಅರ್ಧ ತಟ್ಟೆಗೆ ಬರುವಾಗ ಬೆವರಿಳಿಯಿತು. ಸಾಕು ಎನ್ನಲು ಬಾಯಿ ಬರಲಿಲ್ಲ. ಇಸ್ಮಾಯಿಲ್ ಭಾಯಿ ಹಿಂದಿನಿಂದ, "ನಿಧಾನ, ಮಾರಾಯ, ಇಲ್ಲಿ ಯಾರೂ ಬುಟ್ಟಿ ಹಿಡಕಂಡು ಕೂತಿಲ್ಲ," ಎಂದರು. ಮುಕ್ಕಾಲು ತಟ್ಟೆಯಾಯಿತು. ತಟ್ಟೆ ಮುಗಿಯಿತು.

ತಟ್ಟೆ ಮುಗಿದರೂ ನನ್ನ ಕೆಲಸ ಮುಗಿದಿರಲಿಲ್ಲ. ಅಪ್ಪನ ಅಭ್ಯಾಸ. ಬಾಳೆಲೆಗೆ ಹತ್ತಿದ ಅಗುಳುಗಳನ್ನು ಬೆರಳ ತುದಿಯಿಂದ ಒತ್ತಿ ಒತ್ತಿ ತೆಗೆದು ಬಾಯಿಗೆ ಹಾಕಿಕೊಂಡೆ. ಚಾಪೆಯ ಮೇಲೆ ಅಜ್ಜಿಯ ಕೈಯಿಂದ ಉದುರಿದ್ದವು ಇದ್ದವು. ಮಂಡಿಯೂರಿ ಅವನ್ನೂ ಹೆಕ್ಕಿದೆ. ತಿನ್ನುವಾಗ ಲುಂಗಿಯ ಮೇಲೆ ಉದುರಿದ ನಾಲ್ಕನ್ನು ಹೆಕ್ಕಿದೆ. ಹೀಗೆ ಮಾಡುತ್ತಿದ್ದೇನೆ ಎಂಬ ಎಚ್ಚರವೂ ನನಗಿರಲಿಲ್ಲ, ಊಟದ ಕೊನೆಗೆ ಬೆರಳು ತಾನಾಗಿ ಮಾಡುವ ಕೆಲಸ ಅದು. ಒಂದು ಅಗುಳು ಅಜ್ಜಿಯ ಮೊಣಕಾಲಿನ ಕೆಳಗೆ ಕಾಣಿಸಿತು. ಕಾಲು ಸ್ವಲ್ಪ ಎತ್ತಿ ಎಂದು ಸನ್ನೆ ಮಾಡಿದೆ.

ಅಜ್ಜಿ ಕಾಲೆತ್ತಿದರು. ನಾನು ಅದನ್ನೂ ಒತ್ತಿ ತೆಗೆದುಕೊಂಡೆ.

ಆಮೇಲೆ ಅವರು ಫಕ್ಕನೆ ನನ್ನ ಬಲಗೈ ಹಿಡಿದರು. ಬೆಲ್ಲದ ಪಾಕ ಒಣಗಿ ನನ್ನ ಬೆರಳುಗಳೆಲ್ಲ ಗೋಂದಿನ ಹಾಗಾಗಿದ್ದವು. ಅವರ ಅಂಗೈ ನನ್ನ ಅಂಗೈಗೆ ಪಚಕ್ಕನೆ ಕೂತಿತು. ಎಳೆದರು, ಸುಲಭದಲ್ಲಿ ಬರಲಿಲ್ಲ. ಎಲ್ಲರಿಗೂ ಕಾಣುವ ಹಾಗೆ ಎರಡೂ ಕೈಯನ್ನು ಒಟ್ಟಿಗೆ ಎತ್ತಿ ಹಿಡಿದರು.

"ಅಕ್ಕಿಗೆ ಅಂಟು ಗೊತ್ತಿಲ್ಲ. ಈ ಮನುಷ್ಯ ಒಂದು ಕಾಳನ್ನೂ ಬಿಟ್ಟುಹೋಗಲು ಬಿಡಲಿಲ್ಲ," ಎಂದರು. ಆಮೇಲೆ ಸುಗೆಂಗ್ ಕಡೆ ತಿರುಗಿ, "ಮದುವೆಗೆ ವಾಜಿಕ್ ನಾನು ಮಾಡುತ್ತೇನೆ. ಇವನನ್ನು ಅಡಿಗೆಮನೆಯ ಹತ್ತಿರ ಬಿಡಬೇಡಿ."

ಚಾವಡಿಯಿಡೀ ನಕ್ಕಿತು. ಸುಗೆಂಗ್ ಮುಖ ಮುಚ್ಚಿಕೊಂಡು ಅತ್ತ. ಬು ಕಾರ್ತೊ ನನ್ನ ಕೈತೊಳೆಯಲು ಬಿಸಿನೀರು ತಂದರು. ಮೊದಲ ಸಲ ಅದು ಬೇಕಾದ ಹೊತ್ತಿಗೆ ಬಂದಿತ್ತು.

ಕಾಸರಕೋಡು

ಹಡಗು ಹೊರಡುವ ದಿನ ಬು ಕಾರ್ತೊ ಒಂದು ಸಣ್ಣ ಚೀಲ ಕೊಟ್ಟರು. ಚಿಕ್ಕಮ್ಮನ ಗದ್ದೆಯ ಅಂಟಿನ ಅಕ್ಕಿ. ನಿನ್ನ ಮದುವೆಯ ಮಾತಿಗೆ ಎಂದರು. ಎಷ್ಟೋ ಬಂದರು ಸುತ್ತಿ, ಇಲಿಗಳಿಂದ ಕಾಪಾಡಿ, ತಲೆದಿಂಬಿನ ಹಾಗೆ ಇಟ್ಟುಕೊಂಡು ಎಂಟು ತಿಂಗಳ ಮೇಲೆ ಅದನ್ನು ಮನೆಗೆ ತಂದ ನಾನು, ಆಯಿಯ ಕೈಗೆ ಕೊಟ್ಟು, ಜೋಪಾನ ಎಂದಷ್ಟೇ ಹೇಳಿ ಮಲಗಿದೆ.

ನನಗಿಂತ ಮೊದಲೇ ಜಾವಾದಿಂದ ಪತ್ರ ಬಂದಿತ್ತು, ಜೊತೆಗೆ ಮದುವೆಯ ಫೋಟೋ. ಅದನ್ನು ಭಟ್ಕಳಕ್ಕೆ ಒಯ್ದು ಇಸ್ಮಾಯಿಲ್ ಭಾಯಿಯಿಂದ ಓದಿಸಿದೆ. ಯಾತ್ಮಿಯ ಅಜ್ಜಿ ಮಾಡಿದ ವಾಜಿಕ್ ಎಷ್ಟು ಚೆನ್ನಾಗಿ ಅಂಟಿತ್ತೆಂದರೆ ಅವರ ಒಂದೇ ಒಂದು ಹಲ್ಲು ಅದರಲ್ಲೇ ಉಳಿಯಿತಂತೆ. ಇಂಥ ಶುಭಶಕುನ ಊರಲ್ಲಿ ಯಾರೂ ಕಂಡಿರಲಿಲ್ಲವಂತೆ. ಫೋಟೋದಲ್ಲಿ ಅಜ್ಜಿ ಬಾಯಿ ತುಂಬ ನಗುತ್ತಿದ್ದರು, ಹಲ್ಲಿರಲಿಲ್ಲ.

ಆ ವಾರವೇ ಕುಮಟೆಯಿಂದ ಹೆಣ್ಣಿನ ಕಡೆಯವರು ನನ್ನನ್ನು ನೋಡಲು ಬರುವವರಿದ್ದರು. ವಾಜಿಕ್ ನಾನೇ ಮಾಡಬೇಕೆಂದು ಮನಸ್ಸಿನಲ್ಲಿತ್ತು, ಯಾರಿಗೂ ಹೇಳಿರಲಿಲ್ಲ. ಅವರು ಬರುವ ದಿನ ಬೆಳಿಗ್ಗೆ ಎದ್ದು ಆಯಿಯ ಹತ್ತಿರ ಚೀಲ ಕೇಳಿದೆ.

"ಆ ಅಕ್ಕಿಯಾ?" ಎಂದಳು ಆಯಿ. ಮುಖದಲ್ಲಿ ನನ್ನ ಬಗ್ಗೆ ಬಹಳ ಕನಿಕರ. "ಯಾರೋ ನಿಂಗೆ ಟೊಪ್ಪಿ ಹಾಕಿರು ಮಗಾ. ಸುಣ್ಣದ ಹಾಂಗಿತ್ತು. ನಿಂಗೆ ಬೇಜಾರಾಗೂದು ಬೇಡ ಅಂತ ಹೇಳ್ಲಿಲ್ಲ. ಕೋಳಿಗೆ ಹಾಕ್ದೆ. ಬಂದವ್ರಿಗೆ ನಮ್ಮ ಒಳ್ಳೆ ಅಕ್ಕೀದೇ ಪಾಯಸ ಮಾಡಿದ್ದೆ, ನೋಡು."

ಹಿತ್ತಿಲಲ್ಲಿ ಕೋಳಿಗಳು ಗದ್ದಲ ಮಾಡುತ್ತಿದ್ದವು. ಪಾತ್ರೆಯಲ್ಲಿ ಒಂದೊಂದು ಅಗುಳೂ ಬೇರೆ ಬೇರೆ ತೇಲುತ್ತಿತ್ತು. ಆಯಿಯ ಕೈ ನೋಡಿದೆ. ಬೆಳಗಿನ ಜಾವ ಎದ್ದು ಮೂರು ಕಾಯಿ ತುರಿದು ಹಾಲು ಹಿಂಡಿದ ಕೈ, ಬೆರಳೆಲ್ಲ ಸುಕ್ಕುಗಟ್ಟಿತ್ತು.

"ಬಾಗುಸ್," ಎಂದೆ.

"ಎಂತ ಅಂದ್ರೆ?"

"ಚೊಲೋ ಆತು ಅಂತ, ಆಯಿ," ಎಂದು ಹೇಳಿ ಬಟ್ಟಲು ಮುಂದೆ ಹಿಡಿದೆ.